ಹಾಲೆಂಡಿಗೆ ಹೋದ ಹಳೆ ಅಕ್ಕಿ

ಕಂಪ್ಲಿ

ಪರದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ವಿಮಾನದ ಕಿಟಕಿಯಿಂದ ಕಂಡ ಮೋಡಗಳಿಂದ ಶುರುಮಾಡುತ್ತಾರೆ. ನನಗೆ ಕಿಟಕಿಯ ಸೀಟು ಸಿಗಲಿಲ್ಲ. ಅದು ಚಿಕ್ಕಮ್ಮನಿಗೆ ಸಿಕ್ಕಿತು. ಅವರು ಕಿಟಕಿಯ ಮುಚ್ಚಳ ಇಳಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಮಲಗಿಬಿಟ್ಟರು. ಹಾಗಾಗಿ ಮೋಡಗಳನ್ನು ಬಿಟ್ಟು ಹೊಟ್ಟೆಕಿಚ್ಚಿನಿಂದಲೇ ಶುರುಮಾಡುತ್ತೇನೆ. ನಾನು ಹಾಲೆಂಡಿಗೆ ಕಟ್ಟಿಕೊಂಡು ಹೋದ ಗಂಟಿನಲ್ಲಿ ಅದೇ ಹೆಚ್ಚು ಭಾರವಾಗಿತ್ತು.

ಚಿಕ್ಕಮ್ಮನ ಮಗಳು ಅಶ್ವಿನಿ ನನಗಿಂತ ಒಂದೂವರೆ ವರ್ಷ ಚಿಕ್ಕವಳು. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ನಂಬರು ಅವಳಿಗಿಂತ ಮೇಲೆ, ಪಿಯುಸಿಯಲ್ಲಂತೂ ಬಹಳ ಮೇಲೆ. ಆದರೂ ನಾನು ಕಂಪ್ಲಿಯಿಂದ ದಿನಾ ಬೆಳಿಗ್ಗೆ ಬುಕ್ಕಸಾಗರದ ಮೇಲೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೊಸಪೇಟೆಗೆ ಹೋಗಿ ಬಿ.ಕಾಂ. ಓದುತ್ತಿದ್ದೆ. ಅವಳು ಸಂಡೂರಿನಿಂದ ರೋಟರ್‌ಡ್ಯಾಮಿಗೆ ಹೋಗಿ ಇಂಟರ್‌ನ್ಯಾಷನಲ್ ಬಿಸಿನೆಸ್ ಎಂಬ ಡಿಗ್ರಿ ಓದುತ್ತಿದ್ದಳು. ನಮ್ಮಪ್ಪನದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಅಜ್ಜನ ಕಾಲದಿಂದ ಹೇಗಿತ್ತೋ ಹಾಗೇ ಇದೆ. ಅವಳಪ್ಪ, ಅಂದರೆ ನನ್ನ ಚಿಕ್ಕಪ್ಪ, ಸಂಡೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದವರು. ಅದಿರಿಗೆ ಬೇಡಿಕೆ ಬಂದ ಮೇಲೆ ಮೊದಲು ಎರಡು ಲಾರಿ ಬಂದವು, ನೋಡನೋಡುತ್ತಿದ್ದಂತೆ ಹನ್ನೆರಡಾದವು. ಅವರ ಮನೆಯ ಬಿಳಿ ಕಲ್ಲಿನ ನೆಲದ ಮೇಲೆ ದಿನಕ್ಕೆ ಮೂರು ಸಲ ಒರೆಸಿದರೂ ಹೋಗದ ಕೆಂಪು ಧೂಳು ಕೂತಿರುತ್ತಿತ್ತು. ಆ ಧೂಳಿನ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು.

ಅಶ್ವಿನಿ ಹೊರಡುವ ಮುನ್ನ ಚಿಕ್ಕಪ್ಪ ಹೊಸಪೇಟೆಯ ದೊಡ್ಡ ಹೋಟೆಲ್ಲಿನಲ್ಲಿ ನೆಂಟರಿಗೆಲ್ಲ ಊಟ ಹಾಕಿಸಿದರು. "ನಮ್ ಅದಿರು ಹಡಗು ಹತ್ತಿ ಎಲ್ಲೆಲ್ಲಿಗೋ ಹೋಗ್ತೈತಿ, ನಮ್ ಹುಡುಗಿ ಹೋಗಬಾರ್ದಾ?" ಎಂದು ಎಲೆ ಎಲೆಗೂ ಹೋಗಿ ಹೇಳಿದರು. ನನ್ನ ಎಲೆಯ ಮುಂದೆ ನಿಂತು, "ಇಕಿ ಒಂದ್ ವರ್ಷ ಪಾಸಾಗಿ ದಾಟ್ಲಿ, ಆಮ್ಯಾಲ ಉಮಾನ್ನೂ ಕಳಿಸೂನು" ಎಂದರು. ಎಲ್ಲರೂ ನಕ್ಕು ಹೋಳಿಗೆ ಮುರಿದರು. ನಾನು ನಗಲಿಲ್ಲ. ಆ ಮಾತನ್ನು ಮನೆಗೆ ತಂದು ಜೋಪಾನವಾಗಿ ಇಟ್ಟುಕೊಂಡೆ. ಕಳಿಸುತ್ತೀರಾ ಎಂದು ಬಾಯಿಬಿಟ್ಟು ಕೇಳುವ ರೂಢಿ ನಮ್ಮ ಮನೆಯ ಹೆಣ್ಣುಮಕ್ಕಳಿಗಿಲ್ಲ. ದೊಡ್ಡವರಿಗೆ ತಾವಾಗಿಯೇ ನೆನಪಾಗಲಿ ಎಂದು ಅವರ ಕಣ್ಣೆದುರಿಗೆ ಓಡಾಡಿಕೊಂಡಿರುತ್ತೇವೆ, ಅಷ್ಟೆ.

ಹತ್ತು ತಿಂಗಳ ಮೇಲೆ ಅಶ್ವಿನಿಯಿಂದ ಫೋನ್ ಬಂತು. ಮೊದಲ ವರ್ಷದ ವಿಷಯಗಳನ್ನೆಲ್ಲ ಅದೇ ವರ್ಷ ಮುಗಿಸದಿದ್ದರೆ ಆ ಕಾಲೇಜಿನವರು ಮನೆಗೆ ಕಳಿಸಿಬಿಡುತ್ತಾರಂತೆ. ಅವಳದು ಒಂದು ವಿಷಯ ಉಳಿದಿತ್ತು. ಅಳುವ ದನಿ ಕೇಳಿದ್ದೇ ತಡ ಚಿಕ್ಕಮ್ಮ ತಾವೇ ಹೋಗಿ ಜೊತೆಗಿರುತ್ತೇನೆಂದು ಹಟ ಹಿಡಿದರು. ಚಿಕ್ಕಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಚಿಕ್ಕಪ್ಪನಿಗೆ ಮಳೆಗಾಲಕ್ಕೆ ಮುಂಚೆ ಲಾರಿ ಬಿಟ್ಟು ಕದಲುವಂತಿಲ್ಲ. "ಉಮಾ ಹೋಗ್ಲಿ" ಎಂದು ತೀರ್ಮಾನವಾಯಿತು. ನನ್ನ ಇಂಗ್ಲಿಷಿನ ಹೆಸರು ನೆಂಟರಲ್ಲೆಲ್ಲ ಹಬ್ಬಿತ್ತು. ಹಂಪಿಯಲ್ಲಿ ಗೆಳತಿಯೊಬ್ಬಳ ತಂದೆಯ ಪುಸ್ತಕದ ಅಂಗಡಿಯಲ್ಲಿ ಬೇಸಿಗೆ ರಜೆಯಲ್ಲಿ ಕೂತು, ನಕಾಶೆ ಕೇಳಿಕೊಂಡು ಬರುವ ಬಿಳಿಯರ ಜೊತೆ ಮಾತಾಡಿ ಕಲಿತದ್ದು ಅದು.

ನನ್ನ ಇಕ್ಕಟ್ಟು ಏನೆಂದು ಈಗಲೇ ಹೇಳಿಬಿಡುತ್ತೇನೆ. ಅಶ್ವಿನಿ ಫೇಲಾದರೆ ನನಗೆ ಆಗುವ ತೃಪ್ತಿ ಅಷ್ಟಿಷ್ಟಲ್ಲ. ಆದರೆ ಅವಳು ಫೇಲಾಗಿ ಬಂದರೆ ಚಿಕ್ಕಪ್ಪ ಇನ್ನೊಬ್ಬಳನ್ನು ಕಳಿಸುವ ಮಾತೇ ಇಲ್ಲ. ನನ್ನ ಬಾಗಿಲು ತೆರೆಯಬೇಕಾದರೆ ಅವಳು ಪಾಸಾಗಲೇಬೇಕು. ಪಾಸಾಗಲಿ, ಆದರೆ ಒದ್ದಾಡಿ ಒದ್ದಾಡಿ ಪಾಸಾಗಲಿ ಎಂದು ಊರ ಗುಡಿಯಲ್ಲಿ ಕಾಯಿ ಒಡೆಸಿದೆ.

ಅವಳಿಗೆ ಉಳಿದಿದ್ದ ವಿಷಯ ಹೀಗೆ. ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಸರಕನ್ನು ಆರಿಸಿ, ಅದನ್ನು ಯುರೋಪಿನವರಿಗೆ ಮಾರುವ ಯೋಜನೆ ಬರೆದು, ಮೇಷ್ಟ್ರ ಎದುರು ಸ್ಯಾಂಪಲ್ ಇಟ್ಟು ಮಾತಾಡಬೇಕು. ಮೇಷ್ಟ್ರೇ ಕೊಳ್ಳುವವರಾಗಿ ಕೂರುತ್ತಾರೆ. ತನ್ನ ಮನೆಯ ತುಂಬ ಅದಿರಿನ ಧೂಳಿರುವ ಹುಡುಗಿ ನಮ್ಮ ಮನೆಯ ಅಕ್ಕಿಯನ್ನು ಆರಿಸಿಕೊಂಡಿದ್ದಳು! ಹೊರಡುವ ವಾರ ಹೊಸಪೇಟೆಯ ಇಂಟರ್‌ನೆಟ್ ಅಂಗಡಿಯಲ್ಲಿ ಅವಳ ಮೇಲ್ ಓದಿದೆ. ಎರಡು ಕಿಲೋ ಸೋನಾ ಮಸೂರಿ ತರಬೇಕು, ಈ ವರ್ಷದ ಬೆಳೆಯದೇ ಆಗಬೇಕು, ಮೇಷ್ಟ್ರು ಕೊಟ್ಟ ಹಾಳೆಯಲ್ಲಿ ಹಾಗೆಂದು ಬರೆದಿದೆ ಎಂದಿದ್ದಳು.

ಓದಿ ನಗು ಬಂತು. ಸಂಡೂರಿನವಳಿಗೆ ಅಕ್ಕಿಯ ವಿಚಾರ ಏನು ಗೊತ್ತು! ಹೊಸ ಅಕ್ಕಿ ಬೇಯುವಾಗಲೇ ಮುದ್ದೆಯಾಗುತ್ತದೆ, ಉಂಡರೆ ಹೊಟ್ಟೆ ಹಿಡಿಯುತ್ತದೆ. ನಮ್ಮ ಕಡೆ ಬೀಗರು ಬಂದರೆ, ಅಧಿಕಾರಿಗಳು ಬಂದರೆ, ಮದುವೆಯಾದರೆ ಹಳೆ ಅಕ್ಕಿಯೇ ಆಗಬೇಕು. ಬೇಸಿಗೆ ಬೆಳೆಯ ಹೊಸ ಅಕ್ಕಿ ಗಿರಣಿಯಲ್ಲಿ ಗುಡ್ಡೆಗುಡ್ಡೆ ಬಿದ್ದಿತ್ತು. ಅಪ್ಪನಿಗೆ ನಾನು ಸ್ಯಾಂಪಲ್ ಬೇಕು ಎಂದಷ್ಟೇ ಹೇಳಿದೆ, ಮೇಲ್‌ನಲ್ಲಿದ್ದ ಉಳಿದ ಮಾತು ಹೇಳಲಿಲ್ಲ. "ಪರದೇಶಕ್ಕ ಹೋಗೂದು ನಮ್ ಗಿರಣಿ ಮರ್ಯಾದಿ ಅವ್ವಾ" ಎಂದು ಅಪ್ಪ ಅಟ್ಟ ಹತ್ತಿ, ಎರಡು ವರ್ಷದಿಂದ ಬೇವಿನ ಎಲೆ ಹಾಕಿ ಕಾಪಾಡಿದ್ದ ಚೀಲ ಬಿಚ್ಚಿದರು. ಒಂದೊಂದು ಕಾಳೂ ತಿಳಿ ಹಳದಿಗೆ ತಿರುಗಿತ್ತು. ಪಾಕೀಟಿನ ಮೇಲೆ ನಾನೇ ಚೆಂದದ ಇಂಗ್ಲಿಷ್ ಅಕ್ಷರದಲ್ಲಿ ಅಕ್ಕಿಯ ಹೆಸರು, ಊರಿನ ಹೆಸರು, ಬೆಳೆದ ವರ್ಷ ಬರೆದೆ. ವರ್ಷದ ಕೆಳಗೆ ಹೆಮ್ಮೆಯಿಂದ ಕೆಂಪು ಗೆರೆ ಎಳೆದೆ.

ವಿಮಾನ ನಿಲ್ದಾಣ

ಆಮ್‌ಸ್ಟರ್‌ಡ್ಯಾಮಿನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ನಮ್ಮ ಚೀಲ ಬಿಚ್ಚಿಸಿದ. ಮೇಲುಗಡೆ ನಲವತ್ತು ಖಡಕ್ ರೊಟ್ಟಿಯ ಕಟ್ಟು. ಅದನ್ನು ಎತ್ತಿ, ಬೆರಳಿನಿಂದ ತಟ್ಟಿ ಸದ್ದು ಕೇಳಿ, ಇದು ಏನು, ಯಾವುದಕ್ಕೆ ಉಪಯೋಗ ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಚಿಕ್ಕಮ್ಮ ಒಂದು ರೊಟ್ಟಿ ಮುರಿದು, ಶೇಂಗಾ ಚಟ್ನಿಪುಡಿ ಹಚ್ಚಿ, "ತಗೋರಿ, ತಿನ್ರಿ, ಭಾಳ ಹೊತ್ತು ನಿಂತೀರಿ" ಎಂದು ಅವನ ಮೂಗಿನ ತನಕ ಹಿಡಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಕೈ ಮೇಲೆತ್ತಿದ. ಅಕ್ಕಿಯ ಪಾಕೀಟನ್ನು ಅಲುಗಾಡಿಸಿ ನೋಡಿ, ಹೋಗಿ ಎಂದ. ಚಿಕ್ಕಮ್ಮನಿಗೆ ಇದರಿಂದ ಬಹಳ ನೋವಾಯಿತು. ಮರಿಯಮ್ಮನಹಳ್ಳಿ ರಸ್ತೆಯಲ್ಲಿ ಲಾರಿ ತಡೆಯುವ ಪೊಲೀಸರು ಕೂಡ ಕೊಟ್ಟಿದ್ದನ್ನು ಬೇಡ ಎನ್ನುವುದಿಲ್ಲವಂತೆ.

ಹೊರಗೆ ಅಶ್ವಿನಿ ನಿಂತಿದ್ದಳು. ಜಡೆ ಹೋಗಿ ಕೂದಲು ಕುತ್ತಿಗೆಗೆ ಬಂದಿತ್ತು. ಅಮ್ಮನನ್ನು ಅಪ್ಪಿಕೊಂಡು ಅತ್ತಳು, ನನ್ನನ್ನು ಅಪ್ಪಿಕೊಂಡೂ ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು ರೈಲಿನ ಟಿಕೆಟ್ಟಿನ ಕಿಟಕಿಯಲ್ಲಿ ಡಚ್ ಭಾಷೆಯಲ್ಲಿ ಮಾತಾಡಿದಳು. ನನ್ನ ಹಂಪಿಯ ಇಂಗ್ಲಿಷ್ ಅಲ್ಲೇ ಸಪ್ಪೆಯಾಯಿತು. ರೈಲಿನಲ್ಲಿ ಎದುರು ಕೂತ ಹೆಂಗಸು ಎಲ್ಲಿಯವರು ಎಂದು ಕೇಳಿದಾಗ ಅಶ್ವಿನಿ "ಹಂಪಿ" ಎಂದಳು. ಆ ಹೆಂಗಸು ಕೈಯೆತ್ತಿ ಬಂಡೆಗಳ ಆಕಾರ ಮಾಡಿ ತೋರಿಸಿ ಖುಷಿಪಟ್ಟಳು. ಹಂಪಿ ಸಂಡೂರಿಗಿಂತ ನಮ್ಮ ಕಂಪ್ಲಿಗೆ ಹತ್ತಿರ. ಹೇಳಿಕೊಳ್ಳುವುದಾದರೆ ನಾನು ಹೇಳಿಕೊಳ್ಳಬೇಕು. ರೋಟರ್‌ಡ್ಯಾಮ್ ಬರುವ ತನಕ ನಾನು ಕಿಟಕಿಯ ಹೊರಗೆ ಹಸುಗಳನ್ನು ನೋಡುತ್ತ ಕೂತೆ.

ಟ್ರೂಸ್ ಅಜ್ಜಿಯ ಮನೆ

ಅಶ್ವಿನಿ ಬಾಡಿಗೆಗಿದ್ದದ್ದು ಟ್ರೂಸ್ ಎಂಬ ಎಪ್ಪತ್ತು ದಾಟಿದ ಅಜ್ಜಿಯ ಮನೆಯ ಮಹಡಿಯಲ್ಲಿ. ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ ಚಿಕ್ಕಮ್ಮ ಅದನ್ನು ಕೈ ಊರಿಕೊಂಡೇ ಹತ್ತಿದರು. ಅಜ್ಜಿ ಕಾಫಿ ಕೊಟ್ಟು, ತಗಡಿನ ಡಬ್ಬಿ ತೆರೆದು ಒಬ್ಬೊಬ್ಬರಿಗೂ ಒಂದೊಂದು ಬಿಸ್ಕತ್ತು ಹಿಡಿದು, ಡಬ್ಬಿಯ ಮುಚ್ಚಳ ಟಪ್ಪೆಂದು ಹಾಕಿ ಕಪಾಟಿನಲ್ಲಿಟ್ಟರು. ಎರಡನೆಯದು ಬರಬಹುದೆಂದು ನಾವು ಸ್ವಲ್ಪ ಹೊತ್ತು ಕಾದೆವು. ಅಜ್ಜಿಯೇನೂ ಜಿಪುಣಿಯಲ್ಲ. ಮರುದಿನ ನನ್ನ ಚಪ್ಪಲಿ ನೋಡಿ, ಇದರಲ್ಲಿ ನೆಗಡಿಯಾಗುತ್ತದೆ ಎಂದು ತಮ್ಮ ಹೊಸ ಉಣ್ಣೆಯ ಕಾಲುಚೀಲ ತಂದು ಕೊಟ್ಟವರೂ ಅವರೇ.

ಎಲ್ಲಕ್ಕೂ ಅವರದೊಂದು ಡೈರಿ. ಚಿಕ್ಕಮ್ಮ ಮೆಟ್ಟಿಲ ಮೇಲಿಂದ, "ಬರ್ರಿ, ಬಿಸಿ ಬಿಸಿ ಪಲ್ಯ ಮಾಡೀನಿ, ಕುಂದ್ರಿ ಊಟಕ್ಕ" ಎಂದು ಕರೆದರು. ನಾನು ಇಂಗ್ಲಿಷಿನಲ್ಲಿ ದಾಟಿಸಿದೆ. ಅಜ್ಜಿ ಕನ್ನಡಕ ಹಾಕಿ, ಡೈರಿ ತೆಗೆದು, ಪುಟ ತಿರುವಿ, ಗುರುವಾರ ಆರು ಗಂಟೆಗೆ ಬರುತ್ತೇನೆ ಎಂದರು. ಅವತ್ತು ಸೋಮವಾರ. ಪಲ್ಯ ನಾವೇ ಉಂಡೆವು. ಗುರುವಾರ ಸರಿಯಾಗಿ ಆರಕ್ಕೆ ಹೂವಿನ ಗೊಂಚಲು ಹಿಡಿದು ಬಂದರು. ಚಿಕ್ಕಮ್ಮ ಊರಿಂದ ತಂದಿದ್ದ ಶೇಂಗಾ ಹೋಳಿಗೆ ಬಡಿಸಿದರು. ಅಜ್ಜಿ ಒಂದು ತುಂಡು ತಿಂದು, ನನಗೆ ಇದು ಇಷ್ಟವಾಗಲಿಲ್ಲ, ಥ್ಯಾಂಕ್ಯೂ ಎಂದು ನಗುತ್ತ ತಟ್ಟೆ ಪಕ್ಕಕ್ಕೆ ಸರಿಸಿದರು. ದಾಟಿಸಲು ನನಗೆ ಬಾಯಿ ಬರಲಿಲ್ಲ. ನಮ್ಮಲ್ಲಿ ಇಷ್ಟು ಮಾತಿಗೆ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತುಹೋಗುತ್ತದೆ. ಇಲ್ಲಿ ಅಜ್ಜಿ ಅದೇ ನಗುಮುಖದಲ್ಲಿ ಎರಡನೆಯ ಸಲ ಪಲ್ಯ ಹಾಕಿಸಿಕೊಂಡರು. ಈ ಜನ ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನುತ್ತಾರೆ, ಎಂದ ಮೇಲೆ ಮರೆತುಬಿಡುತ್ತಾರೆ. ನನಗೆ ಅದರ ಮೇಲೂ ಆಸೆಯಾಯಿತು.

ಚಿಕ್ಕಮ್ಮನ ಕಷ್ಟ ಬೇರೆ. ಜೂನಿನಲ್ಲಿ ಆ ದೇಶದ ಸೂರ್ಯ ಹತ್ತು ಗಂಟೆಯಾದರೂ ಇಳಿಯುವುದಿಲ್ಲ. ಮುಸ್ಸಂಜೆಗೆ ದೇವರ ಮುಂದೆ ದೀಪ ಹಚ್ಚಬೇಕು, ಹಚ್ಚುವ ಮುಂಚೆ ಉಣ್ಣಬಾರದು. "ಇಲ್ಲಿ ಸಂಜಿ ಆಗೂದು ಯಾವಾಗಲೇ?" ಎಂದು ಮಗಳನ್ನು ದಿನಾ ಕೇಳುತ್ತಿದ್ದರು. ಮೂರನೆಯ ದಿನ ಹಸಿವು ತಡೆಯದೆ, ಸಂಡೂರಿನಲ್ಲಿ ಈಗ ಕತ್ತಲಾಗಿರುತ್ತದೆ ಎಂದು ಲೆಕ್ಕ ಹಾಕಿ, ಫಳಫಳ ಬಿಸಿಲಿನಲ್ಲೇ ದೀಪ ಹಚ್ಚಿದರು.

ಬಂದರು

ಭಾನುವಾರ ಅಶ್ವಿನಿ ನಮ್ಮನ್ನು ದೋಣಿಯಲ್ಲಿ ಬಂದರು ನೋಡಲು ಕರೆದೊಯ್ದಳು. ನಮ್ಮ ಗುಡ್ಡದಂಥದೇ ಅದಿರಿನ ಗುಡ್ಡೆಗಳು ನೀರಿನ ಪಕ್ಕ ಸಾಲಾಗಿ ಬಿದ್ದಿದ್ದವು. ಬ್ರೆಜಿಲ್‌ನಿಂದ ಬಂದದ್ದಂತೆ. ಧೂಳು ಏಳದಿರಲಿ ಎಂದು ದೊಡ್ಡ ಕೊಳವೆಗಳಿಂದ ಅವುಗಳ ಮೇಲೆ ನೀರು ಚಿಮುಕಿಸುತ್ತಿದ್ದರು. ಚಿಕ್ಕಮ್ಮ ದೋಣಿಯ ಕಂಬಿ ಹಿಡಿದು ಬಹಳ ಹೊತ್ತು ನೋಡಿದರು.

"ಇಲ್ಲಿ ಮಣ್ಣಿಗೂ ಸ್ನಾನ ಮಾಡಸ್ತಾರಲ್ಲೇ! ನಾ ದಿನಾ ಬ್ಯಾಳಿ ಡಬ್ಬಿ ಸೈತ ಒರಸ್ಕೋತ ಕುಂದರ್ತೀನಿ" ಎಂದರು.

ಅಶ್ವಿನಿ ಸರಕು ಎಲ್ಲಿ ಇಳಿಯುತ್ತದೆ, ಎಲ್ಲಿಗೆ ಹೋಗುತ್ತದೆ, ಯಾವ ಕಾಗದ ಯಾರ ಕೈಯಲ್ಲಿ ಇರಬೇಕು ಎಂದೆಲ್ಲ ವಿವರಿಸಿದಳು. ಇದನ್ನೇ ನಾನು ಹೊಸಪೇಟೆಯಲ್ಲಿ ಗೈಡಿನಿಂದ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ನಂಬರು ತೆಗೆದಿದ್ದೆ. ಅವಳು ಕೈ ತೋರಿಸಿ ಹೇಳುತ್ತಿದ್ದಳು. ನನಗೆ ಬರೆದದ್ದು ನೆನಪಿತ್ತು, ಹಡಗು ಇಷ್ಟು ದೊಡ್ಡದಿರುತ್ತದೆ ಎಂದು ಗೊತ್ತಿರಲಿಲ್ಲ.

ಕಾಲೇಜು

ಕಾಲೇಜಿನೊಳಗೆ ಕಾಲಿಟ್ಟಾಗ ನನ್ನ ಹೊಟ್ಟೆಯಲ್ಲಿ ಆದದ್ದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಉರಿಯಿತು. ಗಾಜಿನ ಗೋಡೆ, ತಾನೇ ಮೇಲೇರುವ ಮೆಟ್ಟಿಲು, ಯಾರೂ ಸುಮ್ಮನಿರಿ ಎನ್ನದ ಲೈಬ್ರರಿ. ಹುಡುಗರು ಕುರ್ಚಿಯ ಮೇಲೆ ಕಾಲಿಟ್ಟು ಕೂತಿದ್ದರು. ಮೇಷ್ಟ್ರು ಬಂದರೂ ಕಾಲು ಇಳಿಸಲಿಲ್ಲ. ಮೇಷ್ಟ್ರ ಹೆಸರು ಹಾನ್ಸ್. ಅಶ್ವಿನಿ ಅವರನ್ನು "ಹಾನ್ಸ್" ಎಂದೇ ಕರೆದಳು.

"ಗುರುಗಳಿಗೆ ಹೆಸರು ಹಿಡದ್ ಕರೀತಿಯೇನ್ಲೇ!" ಎಂದು ಚಿಕ್ಕಮ್ಮ ಅವಳ ತೊಡೆ ಚಿವುಟಿದರು. ಹಾನ್ಸ್ ಚಿಕ್ಕಮ್ಮನಿಗೆ ತಾವೇ ಕಾಫಿ ತಂದುಕೊಟ್ಟರು. ಮೊದಲು ಅವರು ಒಂದು ಆಹಾರದ ಕಂಪನಿಯಲ್ಲಿ ಖರೀದಿ ಮಾಡುತ್ತಿದ್ದವರಂತೆ. ನೆಂಟರು ಹಿಂದಿನ ಸಾಲಿನಲ್ಲಿ ಕೂರಬಹುದು, ನಡುವೆ ಮಾತಾಡುವಂತಿಲ್ಲ ಎಂದರು. ನಾನು ಕೂತು, ಯಾರೂ ನೋಡದಿರುವಾಗ ಮೇಜಿನ ಮೇಲೆ ಅಂಗೈ ಹರಡಿದೆ. ಮುಂದಿನ ವರ್ಷ ನಾನು ಎಲ್ಲಿ ಕೂರಬೇಕು ಎಂದು ಜಾಗವನ್ನೂ ಆರಿಸಿದೆ.

ಬಲ್ಗೇರಿಯಾದ ಹುಡುಗನೊಬ್ಬ ಗುಲಾಬಿ ಎಣ್ಣೆ ಮಾರಿದ. ಅವನಾದ ಮೇಲೆ ಅಶ್ವಿನಿ ಎದ್ದಳು. ಅವಳು ತಡವರಿಸುತ್ತಾಳೆ ಎಂದು ನಾನು ಕಾದಿದ್ದೆ. ತಡವರಿಸಲಿಲ್ಲ. ತುಂಗಭದ್ರೆಯ ಕಾಲುವೆ, ಕಂಪ್ಲಿಯ ಗದ್ದೆ, ನಮ್ಮ ಗಿರಣಿ ಎಲ್ಲವನ್ನೂ ಪರದೆಯ ಮೇಲೆ ತೋರಿಸಿ ಚೆನ್ನಾಗಿ ಮಾತಾಡಿದಳು. ಆಮೇಲೆ ನಾನು ತಂದ ಪಾಕೀಟನ್ನು ಹಾಗೇ ಹಾನ್ಸ್ ಎದುರಿಗಿಟ್ಟಳು. ನಾನು ತಂದದ್ದೆಂದ ಮೇಲೆ ಅದನ್ನು ತಿರುಗಿಸಿ ನೋಡುವ ಯೋಚನೆಯೇ ಅವಳಿಗೆ ಬಂದಿರಲಿಲ್ಲ.

ಹಾನ್ಸ್ ಪಾಕೀಟಿನ ಬರಹ ಓದಿದರು. ಕೆಂಪು ಗೆರೆಯ ಮೇಲೆ ಬೆರಳಿಟ್ಟರು.

"ಇದು ಎರಡು ವರ್ಷದ ಹಿಂದಿನ ಬೆಳೆ. ನಾನು ಕೇಳಿದ್ದು ಈ ವರ್ಷದ್ದು. ನಿಮ್ಮ ಗೋದಾಮಿನಲ್ಲಿ ಯಾರೂ ಕೊಳ್ಳದೆ ಉಳಿದದ್ದನ್ನು ನನಗೆ ಮಾರುತ್ತಿದ್ದೀಯಾ?"

ಅಶ್ವಿನಿ ತಿರುಗಿ ನನ್ನ ಕಡೆ ನೋಡಿದಳು. ನನಗೆ ಉತ್ತರ ಗೊತ್ತಿತ್ತು. ಹಳೆ ಅಕ್ಕಿ ಉಳಿದ ಅಕ್ಕಿಯಲ್ಲ, ಉಳಿಸಿದ ಅಕ್ಕಿ. ನಮ್ಮಲ್ಲಿ ಅದಕ್ಕೇ ಹೆಚ್ಚು ಬೆಲೆ ಎಂದು ಎರಡು ಮಾತು ಹೇಳಿದ್ದರೆ ಸಾಕಿತ್ತು. ತುಟಿಯಲ್ಲೇ ಹೇಳಿ ತೋರಿಸಬಹುದಿತ್ತು. ನಾನು ತಲೆ ತಗ್ಗಿಸಿ ಬ್ಯಾಗಿನಲ್ಲಿ ಏನನ್ನೋ ಹುಡುಕತೊಡಗಿದೆ. ಮಾತಾಡುವಂತಿಲ್ಲ ಎಂದು ಅವರೇ ಹೇಳಿದ್ದಾರಲ್ಲ ಎಂಬ ನೆಪ ಕೈಗೆ ಸಿಕ್ಕಿತು. ಆ ಗಳಿಗೆಯಲ್ಲಿ ನನಗೆ ಖುಷಿಯಾಯಿತು. ಪಿಯುಸಿ ಫಲಿತಾಂಶ ಬಂದ ದಿನದಷ್ಟೇ ಖುಷಿ. ನನ್ನ ಬಾಗಿಲಿಗೂ ಅದೇ ಗಳಿಗೆಯಲ್ಲಿ ಬೀಗ ಬೀಳುತ್ತಿದೆ ಎಂದು ಹೊಳೆದದ್ದು ಆಮೇಲೆ.

ಹತ್ತಕ್ಕೆ ಐದು ಬಂತು. ಪಾಸಾಗಲು ಆರು ಬೇಕು. ಮುಂದಿನ ವಾರ ಇನ್ನೊಂದೇ ಅವಕಾಶ, ಅದೇ ಕೊನೆಯದು ಎಂದರು ಹಾನ್ಸ್.

ಸುರಿನಾಮಿನವರ ಅಂಗಡಿ

ಟ್ರಾಮಿನಲ್ಲಿ ಅವಳು ನನ್ನನ್ನು ಬೈಯುತ್ತಾಳೆ ಎಂದು ಮಾತುಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಅಪ್ಪನೇ ಕೊಟ್ಟರು, ನನಗೇನು ಗೊತ್ತು, ಇತ್ಯಾದಿ. ಅವಳು ಕಿಟಕಿಯ ಹೊರಗೆ ನೋಡುತ್ತ ಮೂರು ನಿಲ್ದಾಣ ಸುಮ್ಮನಿದ್ದು, "ಅಕ್ಕಾ, ನಂಗ ಅಕ್ಕಿ ವಿಚಾರ ಕಲಿಸು" ಎಂದಳು.

"ಏನ್ ಕಲಿಸಬೇಕು?"

"ನಿಂಗ ಗೊತ್ತಿದ್ದದ್ದೆಲ್ಲಾ."

ಕಲಿಸಿದೆ. ಅವಳ ಮೇಲಿನ ಪ್ರೀತಿಗಲ್ಲ, ನನ್ನ ಸೀಟಿಗೆ. ಹೊಸದಕ್ಕೂ ಹಳೆಯದಕ್ಕೂ ಇರುವ ವ್ಯತ್ಯಾಸ ತೋರಿಸಬೇಕಾದರೆ ಹೊಸ ಅಕ್ಕಿಯೂ ಬೇಕು. ಅಶ್ವಿನಿ ನಮ್ಮನ್ನು ಸುರಿನಾಮ್ ದೇಶದಿಂದ ಬಂದವರ ಅಂಗಡಿಗೆ ಕರೆದೊಯ್ದಳು. ಅಂಗಡಿಯಾತನ ಮುತ್ತಜ್ಜ ಬಿಹಾರದ ಕಡೆಯಿಂದ ಕೂಲಿಗೆ ಹಡಗು ಹತ್ತಿದವನಂತೆ. ಆತ ಇಂಡಿಯಾ ನೋಡಿಯೇ ಇರಲಿಲ್ಲ, ಆದರೆ ಗಲ್ಲಾದ ಮೇಲೆ ಹನುಮಂತನ ಪಟ ಇತ್ತು. ಅವನಾಡುವ ಹಿಂದಿಗೂ ಚಿಕ್ಕಮ್ಮನ ಬಳ್ಳಾರಿ ಹಿಂದಿಗೂ ಹೇಗೋ ಹೊಂದಾಣಿಕೆಯಾಗಿ ಇಬ್ಬರೂ ಮಕ್ಕಳ ಮದುವೆಯ ತನಕ ಮಾತಾಡಿದರು.

ನಾನು ಒಂದೊಂದು ಚೀಲದಿಂದ ನಾಲ್ಕು ಕಾಳು ತೆಗೆದು ಮುಂದಿನ ಹಲ್ಲಿನಲ್ಲಿ ಕಡಿದು ನೋಡಿದೆ. ಹಳೆಯದು ಕಟ್ ಎಂದು ಮುರಿಯುತ್ತದೆ, ಹೊಸದು ಸದ್ದಿಲ್ಲದೆ ಹಲ್ಲಿಗೆ ಒತ್ತಿಕೊಳ್ಳುತ್ತದೆ. ಐದನೆಯ ಚೀಲ ಹೊಸದೆಂದೆ. ಅಂಗಡಿಯಾತ ಕಾಗದ ತೆಗೆದು ನೋಡಿ, ಹೋದ ತಿಂಗಳು ಬಂದದ್ದು, ಈ ವರ್ಷದ್ದೇ ಎಂದು ಕಣ್ಣರಳಿಸಿದ. ಆ ದೇಶದಲ್ಲಿ ನನ್ನನ್ನು ನೋಡಿ ಕಣ್ಣರಳಿಸಿದವನು ಅವನೊಬ್ಬನೇ. ಅಶ್ವಿನಿ ಕೂಡಲೇ ತಾನೂ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು.

ಟ್ರೂಸ್ ಅಜ್ಜಿಯ ಅಡುಗೆಮನೆಯಲ್ಲಿ, ಡೈರಿಯಲ್ಲಿ ಹೊತ್ತು ಬರೆಸಿಕೊಂಡು, ಮೂರು ದಿನ ಎರಡೆರಡು ಪಾತ್ರೆಯಲ್ಲಿ ಅನ್ನ ಮಾಡಿದೆವು. ನೀರು ಎಷ್ಟು, ಅಕ್ಕಿ ಎಷ್ಟು ಅರಳುತ್ತದೆ, ಗಂಜಿ ಎಷ್ಟು ಗಟ್ಟಿ ಎಂದು ಅಶ್ವಿನಿ ಎಲ್ಲವನ್ನೂ ಬರೆದುಕೊಂಡಳು. ಬರೆದುಕೊಂಡು, ಯಾಕೆ ಎಂದು ಕೇಳಿದಳು. ಹಳೆಯದು ಯಾಕೆ ಹೆಚ್ಚು ನೀರು ಕುಡಿಯುತ್ತದೆ? ಯಾಕೆ ಅಂಟುವುದಿಲ್ಲ? ನಾನು ಗಿರಣಿಯಲ್ಲೇ ಹುಟ್ಟಿ ಬೆಳೆದವಳು, ಒಂದು ದಿನವೂ ಕೇಳಿಕೊಂಡಿರಲಿಲ್ಲ. "ಹಂಗೇ ಅದು, ಅಪ್ಪ ಹೇಳ್ತಾರ" ಎಂದೆ. ಮರುದಿನ ಅವಳು ಲೈಬ್ರರಿಗೆ ಹೋಗಿ ಕಾರಣ ಹುಡುಕಿಕೊಂಡು ಬಂದು ನನಗೇ ಹೇಳಿದಳು. ನಮ್ಮ ಅಕ್ಕಿಯ ಗುಟ್ಟನ್ನು ಸಂಡೂರಿನವಳ ಬಾಯಿಂದ ಕೇಳಬೇಕಾಯಿತು. ಅವತ್ತು ನನಗೆ ಅನ್ನ ಸೇರಲಿಲ್ಲ.

ಮತ್ತೆ ಕಾಲೇಜು

ಎರಡನೆಯ ಸಲ ಅಶ್ವಿನಿ ಪರದೆಯ ಗೋಜಿಗೇ ಹೋಗಲಿಲ್ಲ. ಎರಡು ತಟ್ಟೆಯಲ್ಲಿ ಅನ್ನ ಹಾಕಿ ಹಾನ್ಸ್ ಮುಂದಿಟ್ಟಳು. ಎಡಗಡೆ ಅಂಗಡಿಯ ಹೊಸ ಅಕ್ಕಿಯದು, ಬಲಗಡೆ ನಮ್ಮದು. ನಮ್ಮದು ಮಲ್ಲಿಗೆ ಹೂ ಉದುರಿಸಿಟ್ಟ ಹಾಗೆ ಬಿಡಿಬಿಡಿಯಾಗಿತ್ತು. ನಾನು ಎದೆಯುಬ್ಬಿಸಿ ಕೂತೆ. ಹಾನ್ಸ್ ಎರಡನ್ನೂ ತಿಂದು, ಎಡಗಡೆಯ ತಟ್ಟೆಯನ್ನು ತಮ್ಮ ಹತ್ತಿರ ಎಳೆದುಕೊಂಡರು.

"ನನಗೆ ಇದೇ ಹಿಡಿಸಿತು. ಫೋರ್ಕಿನ ಮೇಲೆ ನಿಲ್ಲುತ್ತದೆ. ಇನ್ನೊಂದು ಉದುರಿಹೋಗುತ್ತದೆ."

"ಅಯ್ಯ, ಮುದ್ದಿ ಆಗೈತ್ರೀ ಅದು! ಅದನ್ಯಾರ್ ತಿಂತಾರ?" ಎಂದು ಚಿಕ್ಕಮ್ಮ ಹಿಂದಿನ ಸಾಲಿನಿಂದ ಕನ್ನಡದಲ್ಲೇ ಕೂಗಿದರು. ನಾನಾಗಿದ್ದರೆ ಅಲ್ಲೇ ಹಾನ್ಸ್ ಜೊತೆ ವಾದಕ್ಕೆ ನಿಲ್ಲುತ್ತಿದ್ದೆ. ನಮ್ಮ ಅಕ್ಕಿಯ ಮರ್ಯಾದೆಯ ಪ್ರಶ್ನೆ. ಅಶ್ವಿನಿ ಕಣ್ಣು ಕೂಡ ಮಿಟುಕಿಸಲಿಲ್ಲ. ಹಾಗಾದರೆ ನಿಮಗೆ ಈ ವರ್ಷದ್ದನ್ನೇ ಕಳಿಸುತ್ತೇವೆ, ಹಳೆಯದನ್ನು ಈ ಊರಿನ ಸುರಿನಾಮಿನವರ ಮತ್ತು ಭಾರತದವರ ಅಂಗಡಿಗಳಿಗೆ ಬೇರೆ ಹೆಸರಿನಲ್ಲಿ ಮಾರುತ್ತೇವೆ, ಒಂದೇ ಗಿರಣಿ, ಎರಡು ಸರಕು, ಇಬ್ಬರು ಗಿರಾಕಿಗಳು ಎಂದಳು. ಕಾಳು ಕಡಿದು ವಯಸ್ಸು ಹೇಳುವುದನ್ನೂ ಮಾಡಿ ತೋರಿಸಿದಳು. ಹಾನ್ಸ್ ತಾವೂ ಕಡಿದು ನೋಡಿ ತಲೆಯಾಡಿಸಿದರು.

ಕೊನೆಗೆ ಕೇಳಿದರು, "ಹಾಗಾದರೆ ಮೊದಲ ಸಲ ಹಳೆಯದನ್ನು ಯಾಕೆ ತಂದೆ?"

"ಅದು ನನ್ನ ತಪ್ಪು" ಎಂದಳು ಅಶ್ವಿನಿ. "ಕಳಿಸುವವರಿಗೆ ನಾನು ಸರಿಯಾಗಿ ಬರೆದು ತಿಳಿಸಬೇಕಾಗಿತ್ತು."

ಅವಳು ಸರಿಯಾಗಿಯೇ ಬರೆದು ತಿಳಿಸಿದ್ದಳು. ನಾನು ಅಜ್ಜಿ ಕೊಟ್ಟ ಕಾಲುಚೀಲವನ್ನೇ ನೋಡುತ್ತ ಕೂತೆ. ಏಳು ಬಂತು. ಚಿಕ್ಕಮ್ಮ ಹಾನ್ಸ್ ಅವರ ಕಾಲಿಗೆ ಬೀಳಲು ಹೋದಾಗ ಅವರು ಗಾಬರಿಯಾಗಿ ಮೇಜಿನ ಆಚೆ ಬದಿಗೆ ಓಡಿದರು. ಎಲ್ಲರೂ ನಕ್ಕರು. ನನಗೆ ಮಾತ್ರ ಹೊಸದೊಂದು ಉರಿ ಶುರುವಾಗಿತ್ತು. ಇಷ್ಟು ದಿನ ಅವಳ ಸೀಟಿನ ಮೇಲೆ, ಕೂದಲಿನ ಮೇಲೆ, ಭಾಷೆಯ ಮೇಲೆ ಇತ್ತು. ಈಗ ಅವಳು ನನಗಿಂತ ಒಳ್ಳೆಯವಳು ಕೂಡ ಎಂದಾಗಿಬಿಟ್ಟಿತ್ತಲ್ಲ, ಅದನ್ನು ಹೇಗೆ ಸಹಿಸುವುದು?

ಹೊರಡುವ ಹಿಂದಿನ ದಿನ

ಚಿಕ್ಕಪ್ಪನಿಗೆ ಫೋನ್ ಹಚ್ಚಿದ್ದು ಮರುದಿನ ಬೆಳಿಗ್ಗೆ, ಅಶ್ವಿನಿಯ ಮೊಬೈಲಿನಲ್ಲಿ. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದ್ದಳು. ಮಗಳು ಪಾಸಾದದ್ದಕ್ಕೆ ಚಿಕ್ಕಪ್ಪ ಕೂಗಿದ ಕೂಗು ಕೆಳಗಿದ್ದ ಟ್ರೂಸ್ ಅಜ್ಜಿಗೂ ಕೇಳಿಸಿರಬೇಕು. ಚಿಕ್ಕಮ್ಮ ಎಲ್ಲ ಕಥೆ ಹೇಳಿದರು. ಉಮಾ ಮೂರು ದಿನ ಹೇಗೆ ಕಲಿಸಿದಳು, ಅಂಗಡಿಯವನು ಹೇಗೆ ಬೆರಗಾದ ಎಂದೆಲ್ಲ.

"ಮತ್ತ ಉಮಾಂದು? ಕಳಿಸೂನು ಅಂದಿದ್ರಿ" ಎಂದರು ಚಿಕ್ಕಮ್ಮ. ನನ್ನ ಪರವಾಗಿ ಕೇಳಿದ್ದು ಅವರೊಬ್ಬರೇ. ಆ ಒಂದು ಮಾತಿಗೆ ನಾನು ಅವರಿಗೆ ಜೀವಮಾನವಿಡೀ ಋಣಿ.

ಚಿಕ್ಕಪ್ಪ ನಕ್ಕರು. "ಅಕಿಗ್ಯಾಕ ಕಾಲೇಜು? ಇನ್ನೊಬ್ರಿಗೆ ಕಲಿಸೂವಷ್ಟು ಬಂದೈತಿ ಅಕಿಗೆ!"

ಹೊಗಳಿಕೆಯೇ ಅದು. ನಾನು ಚಿಕ್ಕಮ್ಮನ ಕೈಯಿಂದ ಫೋನ್ ತೆಗೆದುಕೊಂಡೆ.

"ಚಿಕ್ಕಪ್ಪಾ, ನಂಗೂ ಇಲ್ಲಿ ಓದಾಕ ಬರಬೇಕಾಗೈತಿ. ಕಳಿಸ್ತೀರೇನ್ರಿ?"

ಹುಟ್ಟಿದ ಮೇಲೆ ಯಾರನ್ನಾದರೂ ಏನನ್ನಾದರೂ ಹೀಗೆ ನೆಟ್ಟಗೆ ಕೇಳಿದ್ದು ಅದೇ ಮೊದಲು.

"ನೋಡೂನವ್ವಾ."

"ನೋಡೂನು ಬ್ಯಾಡ್ರಿ ಚಿಕ್ಕಪ್ಪಾ. ಹೂಂ ಅನ್ರಿ, ಇಲ್ಲಾ ಆಗೂದಿಲ್ಲ ಅನ್ರಿ."

"ಆಗೂದಿಲ್ಲವ್ವಾ" ಎಂದರು ಚಿಕ್ಕಪ್ಪ. ದನಿ ಮೆತ್ತಗಿತ್ತು. "ನಿಮ್ಮಪ್ಪಗ ಗಿರಣಿಗೆ ನೀನ ಬೇಕು. ಅಂವ ಕಳಿಸಂಗಿಲ್ಲ, ನಾ ಕೇಳಂಗಿಲ್ಲ."

"ಆತ್ರಿ" ಎಂದು ಫೋನ್ ಕೊಟ್ಟೆ. ಅಳು ಬಂತು, ಅಳುವುದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಚಿಕ್ಕಮ್ಮ ಬೆನ್ನು ಸವರಿ, ಟ್ರೂಸ್ ಅಜ್ಜಿಗೆ ರೊಟ್ಟಿ ಕೊಟ್ಟು ಬರುತ್ತೇನೆಂದು ಕೆಳಗೆ ಹೋದರು. ನಾನೂ ಅಶ್ವಿನಿಯೂ ಇಬ್ಬರೇ ಉಳಿದೆವು. ಅವಳು ನನ್ನ ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಇನ್ನು ಕಾಯುವುದಕ್ಕೇನೂ ಉಳಿದಿಲ್ಲ, ಒಳ್ಳೆಯವಳಂತೆ ಕಾಣಿಸಿಕೊಳ್ಳುವ ಅಗತ್ಯವೂ ಇಲ್ಲ ಅನ್ನಿಸಿತು.

"ಅಶ್ವಿನಿ, ಹೊಸ ಅಕ್ಕಿ ತಾ ಅಂತ ನೀ ಬರದಿದ್ದಿ. ನಾ ಓದಿದ್ದೆ. ಓದಿಯೂ ಹಳೇದ್ ತಂದೆ."

"ಗೊತ್ತು."

"ಯಾವಾಗಿಂದ?"

"ಹಾನ್ಸ್ ಓದಿದ್ ಕೂಡ್ಲೆ. ನಾ ತಿರುಗಿ ನಿನ್ ಮಕ ನೋಡಿದೆನಲ್ಲಾ."

"ಮತ್ತ ಯಾಕ ಬೈಲಿಲ್ಲ?"

ಅವಳು ಸೀರೆಯ ಮಡಿಕೆ ಸರಿಮಾಡುತ್ತ ತಲೆಯೆತ್ತದೆ ಹೇಳಿದಳು, "ಬೈದಿದ್ರ ನೀ ಕಲಿಸ್ತಿದ್ದಿಲ್ಲ. ನಂಗ ಪಾಸಾಗೂದಿತ್ತು."

ಒಳ್ಳೆಯತನ ಎಂದುಕೊಂಡು ನಾನು ಒಂದು ರಾತ್ರಿಯೆಲ್ಲ ಉರಿದುಕೊಂಡದ್ದು ಒಳ್ಳೆಯತನವೇ ಆಗಿರಲಿಲ್ಲ. ಮೂರು ನಿಲ್ದಾಣ ದಾಟುವಷ್ಟರಲ್ಲಿ ಅವಳು ಸಿಟ್ಟನ್ನು ನುಂಗಿ, ತನಗೆ ಏನು ಬೇಕು, ಅದು ಯಾರ ಹತ್ತಿರ ಇದೆ, ಅವರನ್ನು ಹೇಗೆ ಒಪ್ಪಿಸಬೇಕು ಎಂದು ಅಳೆದು ತೂಗಿದ್ದಳು. ನಾನು ಎಷ್ಟು ನಂಬರು ತೆಗೆದಿದ್ದರೂ ಅದು ನನ್ನಿಂದ ಆಗುತ್ತಿರಲಿಲ್ಲ. ಆ ಕಾಲೇಜಿನ ಸೀಟು ಅವಳದೇ, ಲಾರಿಗಳಿಂದ ಬಂದದ್ದಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಅವಳು ದಡ್ಡಿಯಾಗಿದ್ದರೆ ನಾನು ಎಷ್ಟೋ ಸುಖವಾಗಿ ಊರಿಗೆ ಬರುತ್ತಿದ್ದೆ.